ಮಾವನವರ ಜೋಗುಳದ ಡಿಸ್ಕ್

ಶನಿವಾರ ಸಂಜೆಯ ಬಸ್ಸಿಗೆ ಪ್ರೇಮಲತಾಳ ಗಂಡನ ಅಕ್ಕ ದೊಡ್ಡಕ್ಕ ತಮ್ಮೂರು ಸವಳಂಗಕ್ಕೆ ಹೊರಡುವವರಿದ್ದರು. ಅಷ್ಟರೊಳಗೆ ಡಿಸ್ಕ್ ಮಾಡಿ ಕೈಗೆ ಕೊಡುತ್ತೇನೆಂದು ಪ್ರೇಮಲತಾ ಹಟಕ್ಕೆ ಬಿದ್ದು ಒಪ್ಪಿಕೊಂಡುಬಿಟ್ಟಳು. ತೊಂದರೆ ಶುರುವಾದದ್ದೇ ಅಲ್ಲಿಂದ.

ಡಿಸ್ಕಿಗೆ ಹಾಕಬೇಕಾಗಿದ್ದದ್ದು ಪ್ರೇಮಲತಾಳ ಮಗಳ ನಾಮಕರಣದ ವಿಡಿಯೋ. ಇಪ್ಪತ್ತೈದು ವರ್ಷದ ಹಿಂದಿನದು. ಅದರಲ್ಲಿ ಮಾವ ಶಿವಮೂರ್ತಪ್ಪನವರು ತೊಟ್ಟಿಲು ತೂಗುತ್ತ ಜೋಗುಳ ಹಾಡಿದ್ದರು. ಅವರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು, ಅವರ ದನಿ ಉಳಿದದ್ದು ಅದೊಂದರಲ್ಲೇ. ಅವರ ಹಿರಿಮಗಳಾದ ದೊಡ್ಡಕ್ಕನ ಮನೆಯ ಟೀವಿಗೆ ಇದ್ದದ್ದು ಹಳೆಯ ಡಿವಿಡಿ ಪ್ಲೇಯರ್ ಒಂದೇ.

"ಮೊಬೈಲ್‌ನಾಗೆ ಅಪ್ಪಾಜಿ ಹೆಬ್ಬೆಟ್ಟಿನಷ್ಟು ಕಾಣ್ತಾರೆ. ನಂಗೆ ಟೀವಿನಾಗೆ ದೊಡ್ಡದಾಗಿ ನೋಡಬೇಕು. ಅದ್ಯಾಕೋ ನಿನ್ ಕೈಲಿ ಆಗಾಕಿಲ್ಲ ಬಿಡು, ಪ್ರೇಮಾ" ಎಂದಿದ್ದರು ದೊಡ್ಡಕ್ಕ. ನಾದಿನಿಯ ಆ ಕೊನೆಯ ಮಾತೇ ಪ್ರೇಮಲತಾಳನ್ನು ಕೆಣಕಿದ್ದು.

ಚನ್ನಗಿರಿ ಬಸ್ ಸ್ಟ್ಯಾಂಡಿನ ಸ್ಟುಡಿಯೋದ ಮುಬಾರಕ್ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟಿದ್ದ. ಮೂರು ಗಂಟೆಯ ವಿಡಿಯೋ. ಅದನ್ನು ಕತ್ತರಿಸಿ, ಜೋಡಿಸಿ, ಡಿಸ್ಕಿಗೆ ಬರೆಯಬೇಕು. ಡಿಸ್ಕ್ ಬರೆಯುವ ಕಂಪ್ಯೂಟರ್ ಇದ್ದದ್ದು ಪ್ರೇಮಲತಾ ಹಿಂದಿ ಕಲಿಸುತ್ತಿದ್ದ ಹೈಸ್ಕೂಲಿನಲ್ಲಿ. ಶನಿವಾರ ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಮೇಲೆ ಹೆಡ್‌ಮಾಸ್ಟರ್ ಮಹೇಶ್ವರಪ್ಪನವರ ಅಪ್ಪಣೆ ಪಡೆದು ಅದರ ಮುಂದೆ ಕೂತಳು.

ಕೂತು ಎರಡು ನಿಮಿಷವಾಗಿರಲಿಲ್ಲ, ಪಿ.ಟಿ. ಮೇಷ್ಟ್ರು ಪಾಲಣ್ಣ ಬಾಗಿಲಲ್ಲಿ ಪ್ರತ್ಯಕ್ಷರಾದರು.

"ಯಾವ ಸಾಫ್ಟ್‌ವೇರ್ ಹಾಕ್ತೀರಿ ಮೇಡಂ? ನನ್ ತಮ್ಮ ಮದುವೆ ವಿಡಿಯೋನೆಲ್ಲ ಒಂದರಾಗೆ ಮಾಡ್ತಾನೆ. ಅದರಾಗೆ ಆಗದೇ ಇರೋದೇ ಇಲ್ಲ. ಏಳ್ರಿ, ನಾನು ತೋರಿಸ್ತೀನಿ."

ಕಬಡ್ಡಿ ಅಂಕಣಕ್ಕೆ ನುಗ್ಗಿದವರಂತೆ ಪಾಲಣ್ಣ ಕುರ್ಚಿಗೆ ನುಗ್ಗಿದರು. ಸಾಫ್ಟ್‌ವೇರ್ ಇಳಿಯುವಷ್ಟರಲ್ಲಿ ಕಂಪ್ಯೂಟರಿನ ಫ್ಯಾನು ಅಕ್ಕಿ ಗಿರಣಿಯಂತೆ ಮೊರೆಯತೊಡಗಿತು. ಪರದೆಯ ತುಂಬ ಬಳೆ ಅಂಗಡಿಯಂತೆ ಬಣ್ಣಬಣ್ಣದ ಗುಂಡಿಗಳು. ಒಂದನ್ನು ಒತ್ತಿದರೆ ಶಿವಮೂರ್ತಪ್ಪನವರು ತೊಟ್ಟಿಲ ಸಮೇತ ಹಿಮಾಲಯಕ್ಕೆ ಹೋದರು. ಇನ್ನೊಂದನ್ನು ಒತ್ತಿದರೆ ಚಂದ್ರಲೋಕಕ್ಕೆ.

"ಎಲ್ಲ ಸರಿ ಸರ್, ಡಿಸ್ಕಿಗೆ ಬರೆಯೋ ಗುಂಡಿ ಎಲ್ಲೈತೆ?" ಎಂದಳು ಪ್ರೇಮಲತಾ.

ಪಾಲಣ್ಣ ಮುಕ್ಕಾಲು ಗಂಟೆ ಹುಡುಕಿದರು. ಅದೊಂದು ಗುಂಡಿ ಇರಲೇ ಇಲ್ಲ.

"ಅವರ ಮಾತು ಯಾಕೆ ಕೇಳಾಕೆ ಹೋದ್ರಿ?" ಎನ್ನುತ್ತ ಗಣಿತದ ವಿನಯ್ ಕುಮಾರ್ ಬಂದರು. "ನಾನು ಹೇಳೋದು ಹಾಕಿ. ಲೆಕ್ಕ ಮಾಡಿದಂಗೆ ಕರೆಕ್ಟಾಗಿ ಬರ್ತೈತೆ."

ಅವರ ಸಾಫ್ಟ್‌ವೇರ್ ಚುರುಕಾಗಿಯೇ ಕೆಲಸ ಮಾಡಿತು, ಡಿಸ್ಕೂ ಬರೆಯಿತು. ಸ್ಟಾಫ್ ರೂಮಿನ ಟೀವಿಯ ಡಿವಿಡಿ ಪ್ಲೇಯರಿಗೆ ಹಾಕಿ ನೋಡಿದರೆ, ಶಿವಮೂರ್ತಪ್ಪನವರ ಎದೆಗೆ ಅಡ್ಡಲಾಗಿ, ಚುನಾವಣೆಯ ಬ್ಯಾನರಿನಷ್ಟು ದಪ್ಪಕ್ಷರದಲ್ಲಿ 'ಟ್ರಯಲ್' ಎಂದು, ದುಡ್ಡು ಕಟ್ಟದವರಿಗೆ ಹಾಕುವ ಮುದ್ರೆ ಬಿದ್ದಿತ್ತು!

"ಇದನ್ನ ನೋಡಿದ್ರೆ ದೊಡ್ಡಕ್ಕ ನನ್ನ ಸುಮ್ನೆ ಬಿಡ್ತಾರಾ?" ಪ್ರೇಮಲತಾ ತಲೆ ಮೇಲೆ ಕೈ ಹೊತ್ತಳು. ಗಂಟೆ ಎರಡೂಕಾಲು.

ಸಾಫ್ಟ್‌ವೇರಿನ ಸಹವಾಸವೇ ಬೇಡವೆಂದು ವಿಡಿಯೋವನ್ನು ಇದ್ದಂತೆಯೇ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿದಳು. ಪ್ಲೇಯರ್ ಅದನ್ನು ಎರಡು ಸಲ ತಿರುಗಿಸಿ, ಒಗ್ಗದ ಊಟದಂತೆ ಹೊರಗೆ ಹಾಕಿತು. ಇತ್ತ ಪಾಲಣ್ಣ, ವಿನಯ್ ಕುಮಾರ್ ಇಬ್ಬರೂ ಯಾರ ಸಾಫ್ಟ್‌ವೇರ್ ದೊಡ್ಡದೆಂದು ದನಿ ಏರಿಸಿದ್ದರು.

"ಸ್ವಲ್ಪ ಸುಮ್ನಿರ್ತೀರಾ ಇಬ್ರೂ!"

ಒಂಬತ್ತನೇ ತರಗತಿಯನ್ನು ತಣ್ಣಗಾಗಿಸುವ ದನಿ ಅದು. ಇಬ್ಬರೂ ಬಾಯಿ ಮುಚ್ಚಿದರು. ಪ್ರೇಮಲತಾ ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಬರೆದಳು: ಕತ್ತರಿಸಬೇಕು. ಜೋಡಿಸಬೇಕು. ಪ್ಲೇಯರಿಗೆ ಅರ್ಥವಾಗುವ ಹಾಗೆ ಡಿಸ್ಕಿಗೆ ಬರೆಯಬೇಕು. ಮೇಲೆ ಮುದ್ರೆ ಬೀಳಬಾರದು. ಆಮೇಲೆ ಕೂತು, ಒಂದೊಂದು ಸಾಫ್ಟ್‌ವೇರಿನ ವಿವರವನ್ನೂ ಉತ್ತರ ಪತ್ರಿಕೆ ತಿದ್ದುವಂತೆ ಓದಿದಳು. ನಾಲ್ಕು ಫೇಲಾದವು. ಐದನೆಯದು ಯಾರೂ ಹೆಸರು ಕೇಳಿರದ ಪುಟ್ಟದೊಂದು, ಪುಕ್ಕಟೆಯದು. ಇದ್ದದ್ದೇ ಆರು ಗುಂಡಿ. ನಾಲ್ಕೂ ಪ್ರಶ್ನೆಗೆ ಸರಿಯುತ್ತರ.

ಕ್ಯಾಮೆರಾದವನು ಶಾಮಿಯಾನದ ದೀಪಗಳನ್ನೇ ಹಿಡಿದಿದ್ದ ಇಪ್ಪತ್ತು ನಿಮಿಷ ಹೋಯಿತು. ಯಾರದೋ ಬೆನ್ನು ಅಡ್ಡಬಂದ ಕಾಲು ಗಂಟೆ ಹೋಯಿತು. ಜೋಗುಳ ಪೂರ್ತಿ ಉಳಿಯಿತು. ಡಿಸ್ಕ್ ಬರೆದು ಮುಗಿಯುವ ಹೊತ್ತಿಗೆ ದೊಡ್ಡಕ್ಕ ಬ್ಯಾಗು ಹಿಡಿದು ಶಾಲೆಗೇ ಬಂದರು. ಏನು ಗದ್ದಲವೆಂದು ಹೆಡ್‌ಮಾಸ್ಟರೂ ಸ್ಟಾಫ್ ರೂಮಿಗೆ ಬಂದರು.

ಡಿಸ್ಕ್ ಒಳಗೆ ಹೋಯಿತು. ಟೀವಿಯ ತುಂಬ ಶಿವಮೂರ್ತಪ್ಪನವರು, ಬಿಳಿ ರುಮಾಲು, ತೊಟ್ಟಿಲ ಹಗ್ಗ. ಹಾಡು ಅರ್ಧಕ್ಕೆ ಬಂದಾಗ ಅವರು ಸಾಲು ಮರೆತು, ನಕ್ಕು, ಕ್ಯಾಮೆರಾದ ಕಡೆ ತಿರುಗಿದರು.

"ದೊಡ್ಡಕ್ಕಾ, ಮುಂದಿಂದು ಏನೇ ಮಗಾ?"

ಸ್ಟಾಫ್ ರೂಮಿನಲ್ಲಿ ನಿಂತಿದ್ದ ದೊಡ್ಡಕ್ಕ ತಡೆಯದೆ ಮುಂದಿನ ಸಾಲನ್ನು ಹಾಡಿಯೇಬಿಟ್ಟರು. ಅಪ್ಪ ಟೀವಿಯಲ್ಲಿ ತಲೆದೂಗಿ ಹಾಡು ಮುಂದುವರಿಸಿದರು. ಪಾಲಣ್ಣ ಕಣ್ಣಿಗೆ ಕರ್ಚೀಫು ಒತ್ತಿಕೊಂಡರು.

"ಆಗಾಕಿಲ್ಲ ಅಂದಿದ್ದೆ, ಮಾಡೇ ಬಿಟ್ಯಲ್ಲೇ ಪ್ರೇಮಾ!" ಎಂದು ದೊಡ್ಡಕ್ಕ ಅವಳನ್ನು ತಬ್ಬಿಕೊಂಡು, ಡಿಸ್ಕನ್ನು ಸೆರಗಿನಲ್ಲಿ ಸುತ್ತಿ ಬಸ್ಸಿಗೆ ಹೊರಟರು. ಪ್ರೇಮಲತಾಳಿಗೆ ನೆಲ ಒಂದಡಿ ಕೆಳಗಿದ್ದಂತೆ ಕಂಡಿತು.

"ಶಭಾಷ್ ಮೇಡಂ!" ಎಂದರು ಹೆಡ್‌ಮಾಸ್ಟರು, ಮೂಲೆಯ ಬೀರುವಿನ ಬೀಗ ತೆಗೆಯುತ್ತ. "ಶಾಲೆಗೆ ಐವತ್ತು ವರ್ಷ ತುಂಬ್ತೈತಲ್ಲ, ಈ ವಾರ್ಷಿಕೋತ್ಸವದ ಕ್ಯಾಸೆಟ್‌ನೆಲ್ಲ ಡಿಸ್ಕ್ ಮಾಡಾಕೆ ಗೊತ್ತಿರೋರನ್ನ ಎರಡು ವರ್ಷದಿಂದ ಹುಡುಕ್ತಿದ್ದೆ. ಮೂವತ್ತೆಂಟು ಅದಾವೆ. ಮುಂದಿನ ತಿಂಗಳೇ ಸಮಾರಂಭ."

ಪ್ರೇಮಲತಾ ತಟ್ಟನೆ ತಿರುಗಿದಳು. "ಸರ್, ಪಾಲಣ್ಣ ಸರ್‌ಗೆ ಎಲ್ಲ ಗೊತ್ತೈತೆ..."

"ನಂಗೆಲ್ಲಿ ಬರ್ತೈತ್ರಿ ಮೇಡಂ? ವಿಸಿಲ್ ಊದೋದು ಬಿಟ್ರೆ ನಂಗೇನೂ ತಿಳಿಯಾಕಿಲ್ಲ" ಎಂದರು ಪಾಲಣ್ಣ.

"ನಾನು ಮೌಸ್ ಹಿಡಿದಿದ್ದೇ ಇವತ್ತು" ಎಂದರು ವಿನಯ್ ಕುಮಾರ್.

ಮಧ್ಯಾಹ್ನದಿಂದ ಮೊದಲ ಸಲ ಇಬ್ಬರಲ್ಲೂ ಒಮ್ಮತ ಮೂಡಿತ್ತು. ಹೆಡ್‌ಮಾಸ್ಟರು ಕ್ಯಾಸೆಟ್ಟಿನ ಮೊದಲ ಪೆಟ್ಟಿಗೆಯನ್ನು ಪ್ರೇಮಲತಾಳ ಕೈಗಿಟ್ಟರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಪಾಲಣ್ಣ.