ಬೀಗರ ತಲೆಯ ಕೆಳಗೆ ಮಂಡಕ್ಕಿ

ಉಳಿತಾಯ ಮಾಡುವವನ ಶತ್ರುಗಳು ಹೊರಗಿರುವುದಿಲ್ಲ. ಅವನ ಮನೆಯಲ್ಲೇ ಮೂರು ಹೊತ್ತು ಉಂಡುಕೊಂಡಿರುತ್ತಾರೆ. ಟೂತ್‌ಪೇಸ್ಟ್ ಟ್ಯೂಬನ್ನು ಕತ್ತರಿಯಿಂದ ಸೀಳಿದರೆ ಇನ್ನೂ ನಾಲ್ಕು ದಿನ ಹಲ್ಲುಜ್ಜಬಹುದೆಂದು ನಾನು ತೋರಿಸಿಕೊಟ್ಟಾಗ, ನಿಂಬೆ ಸಿಪ್ಪೆ ಕೊಳೆಹಾಕಿ ಪಾತ್ರೆ ತೊಳೆಯುವ ನೀರು ತಯಾರಿಸಿದಾಗ, ನನ್ನ ಹೆಂಡತಿ ಗಿರಿಜಾ ಒಂದು ಮೆಚ್ಚುಗೆಯ ಮಾತನ್ನೂ ಆಡಲಿಲ್ಲ. ‘ಪಾತ್ರೆ ಏನೋ ಬೆಳಗ್ತಾವೆ. ಹಾಲು ಯಾಕ ಒಡೀತೈತೆ ಅಂತ ಮಾತ್ರ ನನ್ನ ಕೇಳ್ಬ್ಯಾಡ್ರಿ’ ಎಂದಳು, ಅಷ್ಟೆ. ಮೊಬೈಲಿನಲ್ಲಿ ಇಂಥ ಉಪಾಯಗಳನ್ನು ಹೇಳಿಕೊಡುವ ಹೆಂಗಸನ್ನು ಊರೂರಿನ ಜನ ನೋಡುತ್ತಾರೆ. ಅವರ ಮನೆಗಳಲ್ಲಿ ಏನೇನಾಗಿದೆಯೋ ನಾನರಿಯೆ. ನಮ್ಮ ಮನೆಯಲ್ಲಿ ಆದದ್ದನ್ನು, ಕಂಡಷ್ಟನ್ನು, ಹೇಳುತ್ತೇನೆ.

ಮಗಳು ಸುಮಾಳ ಮದುವೆಯಾಗಿ ಆಗ ಮೂರು ತಿಂಗಳು. ಹರಿಹರದಿಂದ ಅವಳ ಅತ್ತೆ ಮಾವ ಅವಳನ್ನು ಕರೆದುಕೊಂಡು ಒಂದು ಭಾನುವಾರ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಗೆ ಊಟಕ್ಕೆ ಬರುವವರಿದ್ದರು. ಹೋಳಿಗೆ ಉಂಡ ಬೀಗರು ಅಡ್ಡಾಗದೆ ಇರುವುದಿಲ್ಲ. ನಮ್ಮ ದಿಂಬುಗಳೋ, ರೊಟ್ಟಿಗಿಂತ ಒಂದು ಎಳೆ ದಪ್ಪ. ‘ಎರಡು ಹೊಸಾ ದಿಂಬು ತರ್ರಿ, ಮಗಳ ಮಾನದ ಪ್ರಶ್ನೆ’ ಎಂದಳು ಗಿರಿಜಾ. ಅದೇ ವಾರ ಮೊಬೈಲಿನ ಹೆಂಗಸು, ಪರದೇಶಗಳಲ್ಲಿ ಧಾನ್ಯದ ಹೊಟ್ಟು ತುಂಬಿದ ದಿಂಬಿನ ಮೇಲೆ ಮಲಗುತ್ತಾರೆ, ಕುತ್ತಿಗೆ ನೋವೇ ಬರುವುದಿಲ್ಲ ಎಂದಿದ್ದಳು. ದಾವಣಗೆರೆಯಲ್ಲಿದ್ದುಕೊಂಡು ಹೊಟ್ಟು ಹುಡುಕುವುದೇಕೆ? ಮಂಡಕ್ಕಿ ಹತ್ತಿಗಿಂತ ಅಗ್ಗ, ಚೀಲಗಟ್ಟಲೆ ಸಿಗುತ್ತದೆ. ಇಷ್ಟು ವರ್ಷ ಈ ಊರಿನಲ್ಲಿ ಯಾರಿಗೂ ಇದು ಹೊಳೆಯದಿದ್ದುದಕ್ಕೆ ಕಾರಣ, ಎಲ್ಲರೂ ಅದನ್ನು ತಿಂದು ಮುಗಿಸುತ್ತಿದ್ದರು.

ಒಂದು ದಿಂಬು ಗಟ್ಟಿಯಾಗಿ ತುಂಬಿತು. ಎರಡನೆಯದು ನಾಲ್ಕು ಬೆರಳು ಕಡಿಮೆ ಬಿತ್ತು. ಅಡುಗೆಮನೆಯ ಡಬ್ಬಿಯಲ್ಲಿ ಮೆತ್ತಗಾದ ಒಗ್ಗರಣೆ ಮಂಡಕ್ಕಿ ಇತ್ತು. ದನಕ್ಕೆ ಹಾಕಬೇಕೆಂದು ಗಿರಿಜಾ ಎತ್ತಿಟ್ಟಿದ್ದಳು. ಎಣ್ಣೆ, ಅರಿಶಿನ, ಬೆಳ್ಳುಳ್ಳಿ ಎಲ್ಲಕ್ಕೂ ದುಡ್ಡು ಕೊಟ್ಟವನು ನಾನು, ದನ ಅಲ್ಲ. ಅದನ್ನೂ ಸುರಿದು ಹೊಲಿದೆ. ‘ಎಲ್ಲಿ ತಂದ್ರಿ?’ ಎಂದು ಗಿರಿಜಾ ಕೇಳಿದಳು. ‘ಪ್ಯಾಟಿಯಾಗೆ’ ಎಂದೆ. ಸುಳ್ಳೇನಲ್ಲ.

ಬೀಗರು ಯಾವ ದಿಂಬನ್ನು ಆರಿಸಿಕೊಂಡರೆಂದು ಬೇರೆ ಹೇಳಬೇಕಿಲ್ಲ. ಮಧ್ಯಾಹ್ನ ಎರಡಕ್ಕೆ ಮಲಗಿದರು. ಐದು ನಿಮಿಷಕ್ಕೆ ಕರೆಂಟು ಹೋಯಿತು; ಫ್ಯಾನು ನಿಂತಿತು, ಬೆವರು ಇಳಿಯತೊಡಗಿತು. ಅವರು ಮಗ್ಗುಲಾದಾಗಲೆಲ್ಲ ಕರಕರ ಸದ್ದು. ‘ನಿಮ್ಮನ್ಯಾಗೆ ಇಲಿ ಅದಾವೇನ್ರಿ?’ ಎಂದು ಕಣ್ಣುಮುಚ್ಚಿಯೇ ಕೇಳಿದರು. ‘ಅದಾವ್ರಿ’ ಎಂದೆ. ‘ಒಗ್ಗರಣೆ ವಾಸನೆ ಘಮ್ ಅಂತೈತೆ’ ಎಂದರು. ‘ನಿಮ್ಮ ಬೀಗಿತ್ತಿ ಸಂಜಿ ತಿಂಡಿ ಮಾಡಾಕತ್ತಾಳ್ರಿ’ ಎಂದೆ. ಗಿರಿಜಾ ಆಗ ನನ್ನ ಕಣ್ಣೆದುರೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

ಮೂರೂಕಾಲಿಗೆ ಎದ್ದರು. ಬಲಗಿವಿ, ಬಲಗೆನ್ನೆ, ಕುತ್ತಿಗೆಯ ಬಲಭಾಗ ಹಳದಿ. ಬರಿಯ ಹಳದಿಯಲ್ಲ, ಮಿರಿಮಿರಿ ಮಿನುಗುವ ಹಳದಿ. ಅವರ ಹೆಂಡತಿ ನೋಡಿದವರೇ ಎದೆಗೆ ಕೈಯಿಟ್ಟುಕೊಂಡರು. ‘ಅಯ್ಯೋ ಶಿವನೇ! ಕಾಮಾಲೆ!’

ಅರ್ಧ ಮುಖಕ್ಕೆ ಮಾತ್ರ ಬರುವ ಕಾಮಾಲೆಯನ್ನು ಯಾವ ವೈದ್ಯರೂ ಕಂಡಿರಲಾರರು. ಆದರೆ ಗಾಬರಿಯಲ್ಲಿ ಯಾರು ಎಡಬಲ ನೋಡುತ್ತಾರೆ? ‘ಕೊಂಡಜ್ಜಿ ಊರ ಕಡೆ ಒಬ್ಬಾಕಿ ಬೇರು ಕೊಡ್ತಾಳಂತೆ, ಈಗ್ಲೇ ನಡೀರಿ’ ಎಂದು ಬೀಗರ ಹೆಂಡತಿ ಎದ್ದರು. ಬೀಗರು ನಾಲಗೆ ಚಾಚಿ ನೋಡಿಕೊಂಡು, ‘ಸುಸ್ತು ಆಗೈತೆ ಕಣೇ’ ಎಂದರು. ಆರು ಹೋಳಿಗೆ ತಿಂದವರಿಗೆ ಸುಸ್ತು ಆಗದೆ ಇನ್ನೇನಾದೀತು? ನಾನು ಇದನ್ನೆಲ್ಲ ಮನಸ್ಸಿನಲ್ಲೇ ಆಡಿಕೊಳ್ಳುತ್ತಿದ್ದಾಗ ಆ ತಾಯಿಯ ಬಾಯಿಂದ ಮುಂದಿನ ಮಾತು ಬಂತು: ‘ಮೂವತ್ತು ವರ್ಷ ನೆಗಡಿ ಕಾಣದ ಮನುಷ್ಯ. ಸೊಸಿ ಮನಿಗೆ ಕಾಲಿಟ್ಟು ಮೂರು ತಿಂಗಳಿಗೆ... ಕಾಲ್ಗುಣ ಅನ್ನಬಾರದು. ಆದ್ರೂ...’

ಆ ‘ಆದ್ರೂ’ ಕೇಳಿ ಸುಮಾಳ ಮುಖ ಬಿಳಿಚಿಕೊಂಡಿತು. ದಿಂಬಿನ ವಿಷಯ ಹೇಳಿದರೆ ನನ್ನ ಮಾನ ಹೋಗುತ್ತದೆ. ಹೇಳದಿದ್ದರೆ ಮಗಳು ಬದುಕಿನುದ್ದಕ್ಕೂ ಆ ಮಾತು ಹೊರಬೇಕಾಗುತ್ತದೆ. ಯಾವ ತಂದೆಯಾದರೂ ಕೂಡಲೇ ಬಾಯಿ ಬಿಡುತ್ತಿದ್ದ. ನಾನು ಯೋಚಿಸಿದೆ. ಎಷ್ಟು ಹೊತ್ತು ಯೋಚಿಸಿದೆನೆಂದರೆ, ಅಷ್ಟರಲ್ಲಿ ಸುಮಾ ಹೋಗಿ ದಿಂಬನ್ನು ಒತ್ತಿ, ಮೂಸಿ, ನನ್ನ ಮುಂದೆ ಬಂದು ನಿಂತಿದ್ದಳು.

‘ಅಪ್ಪಾಜಿ, ನೀನು ಹೇಳ್ತೀಯೋ, ನಾನು ಹೇಳ್ಲೋ?’

ಹೇಳಿದೆ. ಗಿರಿಜಾ ಒಳಗೆ ಹೋಗಿ ಕತ್ತರಿ ತಂದು ದಿಂಬಿನ ಮೂಲೆ ಕತ್ತರಿಸಿದಳು. ಸಾಕ್ಷಿ ಹಾಸಿಗೆಯ ಮೇಲೆ ಸುರಿಯಿತು. ಬೀಗರು ಒದ್ದೆ ಟವೆಲಿನಿಂದ ಕಿವಿ ಒರೆಸಿಕೊಂಡು, ಟವೆಲು ನೋಡಿ, ಮೊದಲು ನಕ್ಕರು. ‘ಶೇಂಗಾ ಒಂದು ಹಾಕಿಲ್ಲ ನೋಡ್ರಿ ಬೀಗ್ರೇ, ಇಲ್ದಿದ್ರೆ ಎದ್ದ ಮೇಲೆ ತಿಂಡಿನೂ ಆಗ್ತಿತ್ತು!’ ಅವರ ಹೆಂಡತಿ ನಗಲಿಲ್ಲ. ಸೊಸೆಯ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡರು. ‘ನೀನು ಇಂಥಾ ಮನ್ಯಾಗೆ ಹೆಂಗೆ ಬೆಳೆದೀಯೇ ತಾಯಿ!’ ಎಂದರು. ಕಾಲ್ಗುಣದ ಮಾತು ಅಲ್ಲಿಗೆ ಮುಗಿಯಿತು. ಈಗ ಆ ಮನೆಯಲ್ಲಿ ನನ್ನ ಮಗಳನ್ನು ಕಷ್ಟದಲ್ಲಿ ಬೆಳೆದ ಹುಡುಗಿಯೆಂದು ವಿಶೇಷ ಪ್ರೀತಿಯಿಂದ ನೋಡಿಕೊಳ್ಳುತ್ತಾರೆ. ಅದರಲ್ಲಿ ನನ್ನ ಪಾಲೆಷ್ಟೆಂದು ಯಾರೂ ಗುರುತಿಸಿಲ್ಲ.

ಮುಂದಿನ ವಾರ ಹರಿಹರದಿಂದ ಎರಡು ದಿಂಬು ಬಂದವು. ಅಪ್ಪಟ ಅರಳೆ, ಕಸೂತಿಯ ಗವಸು. ಹೆಣ್ಣು ಕೊಟ್ಟವರ ಮನೆಗೆ ಗಂಡಿನ ಕಡೆಯವರು ದಿಂಬು ಕಳಿಸಿದ್ದು ನಮ್ಮ ನೆಂಟರಲ್ಲಿ ಇದೇ ಮೊದಲಂತೆ. ಪೂರ್ತಿ ಪುಕ್ಕಟೆ; ಇಷ್ಟು ದೊಡ್ಡ ಉಳಿತಾಯ ನನ್ನಿಂದ ಹಿಂದೆಂದೂ ಆಗಿರಲಿಲ್ಲ. ಅವುಗಳ ಮೇಲೆ ತಲೆಯಿಡಲು ಮಾತ್ರ ಇನ್ನೂ ಆಗಿಲ್ಲ.