ಇನ್ನೂರು ಹಕ್ಕಿಯ ಉದ್ಯಾಪನೆ

ನಮ್ಮ ಸೊಸೆ ಮಂಜುಶ್ರೀಗೆ ಇರುವುದು ಒಂದೇ ಒಂದು ಚಟ. ತವರಿಗೆ ಓಡುವುದಲ್ಲ, ಸೀರೆ ಕೊಳ್ಳುವುದಲ್ಲ. ಬಾಯಿ ಮಾಡುವುದಂತೂ ಅಲ್ಲವೇ ಅಲ್ಲ. ಬಾಯಿ ಮಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಎದೆ ಹಗುರ ಮಾಡಿಕೊಳ್ಳುತ್ತಿದ್ದೆ. ಅವಳು ಹಕ್ಕಿ ಎಣಿಸುತ್ತಾಳೆ.

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ, ಈ ನಾಲ್ಕು ತಾಲ್ಲೂಕಿನೊಳಗೆ ಒಂದು ವರ್ಷದಲ್ಲಿ ಯಾರು ಎಷ್ಟು ಬಗೆಯ ಹಕ್ಕಿ ಕಂಡರು ಎಂದು ಲೆಕ್ಕ ಇಡುವ ಒಂದು ಬಳಗವಿದೆ. ಅದರಲ್ಲಿ ನಮ್ಮವಳೂ ಒಬ್ಬಳು. ಸಾವಿರ ಕಾಗೆ ಕಂಡರೂ ಲೆಕ್ಕಕ್ಕೆ ಒಂದೇ. ಬೇರೆ ಬಗೆಯದು ಕಂಡರೆ ಇನ್ನೊಂದು. (ಅಡುಗೆಮನೆಯಲ್ಲಿ ಹಾಲು ಉಕ್ಕುವುದು ಮಾತ್ರ ಎಷ್ಟು ಸಲ ಕಂಡರೂ ಲೆಕ್ಕಕ್ಕೆ ಬರುವುದಿಲ್ಲ.)

ಎಣಿಸಿಕೊಳ್ಳಲಿ, ನನಗೇನು ನಷ್ಟ ಎಂದು ನೀವು ಕೇಳಬಹುದು. ನಷ್ಟ ಆಗಿದ್ದು ನನಗೇ.

ನನ್ನ ಅಕ್ಕ ಇಂದ್ರಮ್ಮನನ್ನು ಕೊಟ್ಟಿರುವುದು ಪಾವಗಡದ ಆಚೆ ವಳ್ಳೂರಿಗೆ. ಹೊಲವನ್ನೆಲ್ಲ ಸೋಲಾರಿನವರಿಗೆ ಗುತ್ತಿಗೆ ಕೊಟ್ಟು, ಈಗ ಸುತ್ತ ಬರೀ ಗಾಜಿನ ಹಲಗೆ ನೋಡಿಕೊಂಡು ಕೂತಿದ್ದಾಳೆ. ಅವಳಿಗೆ ಸೊಂಟ ಹೋಗಿದೆ, ಗೋಡೆ ಹಿಡಿದು ಬಾಗಿಲವರೆಗೆ ಬಂದರೆ ಅದೇ ಹೆಚ್ಚು. ನನಗೆ ಮಂಡಿ ಹೋಗಿದೆ, ಬಸ್ಸಿನ ಮೆಟ್ಟಿಲು ಹತ್ತಲಾರೆ. ಕೊಳಾಲದಿಂದ ನಾನು ಅಕ್ಕನ ಮುಖ ನೋಡಲು ಹೋಗಬೇಕಾದರೆ ಮಗ ಗೌರೀಶನ ಕಾರೇ ಗತಿ. ಕಾರಿನ ಮುಂದಿನ ಸೀಟಿನಲ್ಲಿ ಸೊಸೆ. ಸೊಸೆಯ ಕೊರಳಲ್ಲಿ ಬೈನಾಕ್ಯುಲರ್. ಅಲ್ಲಿಗೆ ಪ್ರಯಾಣ ಮುಗಿಯಿತು ಎಂದು ತಿಳಿಯಿರಿ.

ಮೊದಲ ಸಲ ಹೊರಟಾಗ ಯಾರೋ ಫೋನು ಮಾಡಿ, ಕಗ್ಗಲಡುವಿನ ಹುಣಸೆಮರದಲ್ಲಿ ಬಣ್ಣದ ಕೊಕ್ಕರೆ ಕೂತಿದೆ ಎಂದರು. ಪಾವಗಡಕ್ಕೆ ಹೊರಟ ಕಾರು ಶಿರಾ ತಾಲ್ಲೂಕಿಗೆ ಹೋಯಿತು. ಎರಡನೆಯ ಸಲ ಮಿಡಿಗೇಶಿಯ ಹತ್ತಿರ ಒಂದು ಕೆರೆ ಅಡ್ಡ ಬಂತು. ಕೆರೆ ದಾಟುವುದರೊಳಗೆ ಹೊತ್ತು ಮುಳುಗಿತು. ಮೂರನೆಯ ಸಲ ಪಾವಗಡವನ್ನೂ ದಾಟಿದ್ದೆವು. ಅಕ್ಕನ ಮನೆ ಇನ್ನೇನು ಬಂತು ಎಂದು ನಾನು ತಲೆ ಸರಿಮಾಡಿಕೊಳ್ಳುತ್ತಿದ್ದೆ. ಮಧುಗಿರಿ ಬೆಟ್ಟದ ಮೇಲೆ ಯಾವುದೋ ಪರದೇಶಿ ಗಿಡುಗ ಇಳಿದಿದೆ ಎಂದು ಫೋನು ಬಂತು. ಗೌರೀಶ ಕೂಡಲೇ ಕಾರು ತಿರುಗಿಸಿದ. (ಅವರಪ್ಪನೂ ನನ್ನ ಮಾತಿಗೆ ಹೀಗೇ ತಿರುಗುತ್ತಿದ್ದರು, ಆಗ ನನಗೆ ಅದರಲ್ಲಿ ತಪ್ಪು ಕಂಡಿರಲಿಲ್ಲ.)

ಆ ಸಂಜೆ ಅಕ್ಕ ಫೋನು ಮಾಡಿದಳು. ಸಿಟ್ಟು ಬಂದರೆ ಅವಳ ಬಾಯಿಗೆ ತೆಲುಗು ಬರುತ್ತದೆ.

"ಏಮೇ ಸಿದ್ಗಂಗೀ! ಮೂರ್ ಸಲ ಶೇಂಗಾ ಹೋಳ್ಗೆ ಮಾಡ್ದೆ. ಮೂರ್ ಸಲಾನೂ ನಾಯಿ ತಿಂತು. ನಾಯಿ ದಪ್ಪ ಆಗೈತೆ, ನಾನು ಸಣ್ಣ ಆಗಿವ್ನಿ. ಇನ್ನೊಂದ್ಸಲ ಬತ್ತೀನಂತ ಹೇಳಿ ಬರ್ನಿಲ್ಲ ಅಂದ್ರೆ, ನನ್ನ ಮಣ್ಣಿಗೂ ಬರ್ಬ್ಯಾಡ. ಚಾಲು, ಸಾಕು!"

ನನಗೆ ಅಂದು ಅನ್ನ ಇಳಿಯಲಿಲ್ಲ. ಇರುವುದು ಒಬ್ಬಳೇ ಒಡಹುಟ್ಟಿದವಳು. ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ಕೇಳಿಯೇ ಬಿಟ್ಟೆ.

"ಮಂಜೂ, ಇದು ಯಾವತ್ತಿಗೆ ಮುಗೀತದಮ್ಮ?"

"ಇನ್ನೂರಾದ್ರೆ ಮುಗೀತು ಅತ್ತೆ. ನಮ್ ಬಳಗದಲ್ಲಿ ಯಾರೂ ಇನ್ನೂರು ಮುಟ್ಟಿಲ್ಲ. ನಂದು ಒಂದೇ ಒಂದು ಬಾಕಿ. ಚಿಟ್ಟುಕೋಳಿ ಸಿಕ್ಕಿದ್ರೆ ಆಯ್ತು."

ನನಗೆ ಹೋದ ಜೀವ ಬಂತು. ಇದು ವ್ರತ! ಮೊದಲೇ ಹೇಳಬಾರದಿತ್ತೇ? ಹದಿನಾರು ಸೋಮವಾರದ ವ್ರತ ಮಾಡಿದವಳು ನಾನು. ಹದಿನಾರಾದ ಮೇಲೆ ಉದ್ಯಾಪನೆ. ಉದ್ಯಾಪನೆ ಆಯಿತೆಂದರೆ ಹದಿನೇಳನೆಯ ಸೋಮವಾರ ಕಾಲು ಚಾಚಿ ಮಲಗಿದರೂ ಶಿವ ಏನೂ ಕೇಳುವುದಿಲ್ಲ. ಈ ಚಿಟ್ಟುಕೋಳಿ ಎನ್ನುವುದನ್ನು ನಾನೇ ಹಿಡಿದುಕೊಟ್ಟು ವ್ರತ ಮುಗಿಸಿಬಿಡುತ್ತೇನೆ ಎಂದು ಸಂಕಲ್ಪ ಮಾಡಿದೆ.

ಅದು ಕಲ್ಲುಗುಡ್ಡದಲ್ಲಿರುವ, ಬಲು ನಾಚಿಕೆಯ ಹಕ್ಕಿಯಂತೆ. ಕಲ್ಲುಗುಡ್ಡ ನಮ್ಮ ಹಿತ್ತಿಲಿಗೇ ಅಂಟಿಕೊಂಡಿದೆ. ಬೆಳಗಾಗೆದ್ದು ಬಂಡೆಯ ಬುಡದಲ್ಲಿ ನವಣೆ ಚೆಲ್ಲಿ, ಹುಲ್ಲಿನ ಬಣವೆಗೆ ಒರಗಿ, ಕಂಬಳಿ ಹೊದ್ದು ಕೂರತೊಡಗಿದೆ. ಕೂಗಿ ಕರೆದರೆ ಹಕ್ಕಿ ಹಾರಿಹೋಗುತ್ತದಲ್ಲ, ಅದಕ್ಕೆ ಒಂದು ದಾರವನ್ನು ಕಿಟಕಿಯೊಳಗಿಂದ ಎಳೆದು, ಮಲಗಿದ್ದ ಸೊಸೆಯ ಕಾಲ್ಬೆರಳಿಗೆ ಕಟ್ಟಿದ್ದೆ. ಗೌಜಲಕ್ಕಿ ಬಂತು, ಅಳಿಲು ಬಂತು. ಪಕ್ಕದ ಮನೆ ರಾಮಾಂಜಿನಮ್ಮನ ಕೋಳಿಗಳು ಸಂಸಾರ ಸಮೇತ ಬಂದವು. ಹಿಂದೆಯೇ ರಾಮಾಂಜಿನಮ್ಮನೂ ಬಂದಳು.

"ಏನಜ್ಜೀ, ಕಾಳಾಕಿ ನಮ್ ಕೋಳೀನ ಪಳಗಿಸ್ತಾ ಇದ್ದೀಯಾ?"

"ಥೂ, ಲಿಂಗ ಕಟ್ಟಿರೋಳು ನಾನು. ನಿನ್ ಕೋಳಿ ತಕ್ಕೊಂಡು ಏನ್ ಪೂಜೆ ಮಾಡ್ಲಾ?"

"ಮತ್ಯಾಕೆ ಕಂಬ್ಳಿ ಹೊದ್ಕೊಂಡು ಕಳ್ಳಿ ತರ ಕುಂತಿದ್ದೀಯ?"

ನಾನು ಕಂಬಳಿಯನ್ನು ಇನ್ನಷ್ಟು ಮುಖದ ಮೇಲೆ ಎಳೆದುಕೊಂಡೆ. ಅವಳು ಊರಿಗೆಲ್ಲ ಹೇಳಿಕೊಂಡು ಬಂದಳು. ಆದರೂ ಕೂತೆ. ಡಿಸೆಂಬರಿನ ಕಡೆಯಲ್ಲಿ ಒಂದು ಬೆಳಗ್ಗೆ, ಮೈಮೇಲೆ ಬಿಳಿ ಚುಕ್ಕೆಯ ಒಂದು ಹಕ್ಕಿ ಬಂಡೆಯ ಸಂದಿಯಿಂದ ಕತ್ತು ಚಾಚಿತು. ನಾನು ದಾರ ಜಗ್ಗಿದೆ. ಕೆದರಿದ ತಲೆಯಲ್ಲಿ, ಬೆರಳಿನ ದಾರದ ಸಮೇತ ಸೊಸೆ ಕುಂಟಿಕೊಂಡು ಬಂದಳು, ನೋಡಿದಳು, ಬಗ್ಗಿ ನನ್ನ ಕಾಲು ಹಿಡಿದಳು. ಮದುವೆಯ ದಿನವೂ ಅವಳು ಅಷ್ಟು ಭಕ್ತಿಯಿಂದ ಹಿಡಿದಿರಲಿಲ್ಲ.

ವರ್ಷದ ಕೊನೆಯ ದಿನ ಉದ್ಯಾಪನೆ ಇಟ್ಟುಕೊಂಡೆ. ಅಯ್ನೋರು ಮಹಾಲಿಂಗಯ್ಯ ಬಂದು ಕೂತು ವಿಚಾರಿಸಿದರು.

"ಯಾವ ದೇವರ ವ್ರತ ತಾಯೀ?"

"ಹಕ್ಕಿಗಳದು."

ಅವರು ಒಂದು ಗಳಿಗೆ ಕಣ್ಣು ಮುಚ್ಚಿ, ಎಲ್ಲದಕ್ಕೂ ಒಪ್ಪುವ ಒಂದು ಮಂತ್ರ ಹೇಳಿ ಮುಗಿಸಿದರು. ಬಳಗದವರೆಲ್ಲ ಬಂದು ಶಾವಿಗೆ ಪಾಯಸ ಉಂಡರು. ಸೊಸೆಯ ಪ್ರತಿಸ್ಪರ್ಧಿ, ಮಧುಗಿರಿಯ ರಿಟೈರ್ಡ್ ಮೇಷ್ಟ್ರು ನಂದೀಶ್ವರಯ್ಯ, ಎರಡನೆಯ ಸಲ ಪಾಯಸ ಹಾಕಿಸಿಕೊಂಡು ತಕರಾರು ತೆಗೆದರು.

"ಕಾಳು ಹಾಕಿ ಕರೆದ ಹಕ್ಕಿ ಲೆಕ್ಕಕ್ಕೆ ಸೇರುತ್ತೋ ಇಲ್ವೋ, ಚರ್ಚೆ ಆಗ್ಬೇಕು."

"ಪಾಯಸ ಹಾಕಿ ಕರೆದ ಮೇಷ್ಟ್ರು ಊಟಕ್ಕೆ ಸೇರಿಲ್ವಾ ಸಾರ್?" ಎಂದಳು ಮಂಜು. ಚರ್ಚೆ ಮುಗಿಯಿತು.

ಎಲ್ಲರೂ ಹೋದ ಮೇಲೆ ಗೌರೀಶ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಅಮ್ಮ, ಇವತ್ತೇ ವಳ್ಳೂರಿಗೆ ಹೋಗ್ಬುಡಾನ. ಈಗ್ಲೇ ಹೊರಟ್ರೆ ಎಲ್ಲೂ ನಿಲ್ಲಂಗಿಲ್ಲ."

"ಪಾತ್ರೆಪಗಡ ಹಂಗೇ ಬಿದ್ದವೆ ಕಣಪ್ಪ. ನಾಳೆ ವರ್ಷದ ಮೊದ್ಲನೇ ದಿನ. ನಿರಾಳವಾಗಿ ಹೋಗಾನ."

ಅವನು ಏನೋ ಹೇಳಲು ಬಾಯಿ ತೆರೆದ. ಸೊಸೆ ಅವನ ಪಕ್ಕೆಗೆ ತಿವಿದಳು. ಅತ್ತೆಯ ಮಾತಿಗೆ ಎದುರಾಡಬೇಡಿ ಎಂದು ತಿವಿದಳು ಅಂದುಕೊಂಡು ನನಗೆ ಹೆಮ್ಮೆಯಾಯಿತು. ಅಕ್ಕನಿಗೆ ಫೋನು ಮಾಡಿ, ನಾಳೆ ಮಧ್ಯಾಹ್ನದ ಊಟಕ್ಕೆ ನಿನ್ನ ಬಾಗಿಲಲ್ಲಿರುತ್ತೇನೆ, ವ್ರತ ಮುಗಿಯಿತು, ಎಂದು ಆಣೆ ಮಾಡಿ ಹೇಳಿದೆ.

ಬೆಳಗ್ಗೆ ಕಾರು ನಮ್ಮ ಗೇಟಿನಿಂದ ಆಚೆ ಬಂತು.

"ನಿಲ್ಸಿ, ನಿಲ್ಸಿ! ಕಾಗೆ!"

ಕಾರು ನಿಂತಿತು. ಸೊಸೆ ಬೈನಾಕ್ಯುಲರ್ ಹಾಕಿಕೊಂಡು, ಜನ್ಮದಲ್ಲಿ ಕಾಗೆಯನ್ನೇ ಕಾಣದವಳಂತೆ ನೋಡಿ, "ಒಂದು!" ಎಂದಳು.

"ಕಾಗೆ ಯಾಕಮ್ಮ? ಇನ್ನೂರು ಆಯ್ತಲ್ಲ?"

"ಅದು ಹೋದ ವರ್ಷದ್ದು ಅತ್ತೆ. ಇವತ್ತಿಂದ ಮತ್ತೆ ಸೊನ್ನೆ."

"ಮತ್ತೆ ನಾನು ಉದ್ಯಾಪನೆ ಮಾಡಿದ್ದು?"

"ಪಾಯಸ ತುಂಬಾ ಚೆನ್ನಾಗಿತ್ತು ಅತ್ತೆ."

ಆಗ ಅರ್ಥವಾಯಿತು ನನ್ನ ಹಣೆಬರಹ. ಡಿಸೆಂಬರಿನಲ್ಲಿ ಊರಿನ ಹಕ್ಕಿಗಳೆಲ್ಲ ಲೆಕ್ಕಕ್ಕೆ ಸೇರಿಹೋಗಿರುತ್ತವೆ. ಅಪರೂಪದ ಹಕ್ಕಿ ಕಂಡರಷ್ಟೇ ಕಾರು ನಿಲ್ಲುತ್ತದೆ. ಜನವರಿ ಒಂದರಂದು ಗುಬ್ಬಿಗೂ ನಿಲ್ಲಬೇಕು, ಗೊರವಂಕಕ್ಕೂ ನಿಲ್ಲಬೇಕು, ಎಮ್ಮೆಯ ಮೇಲೆ ಕೂತ ಬೆಳ್ಳಕ್ಕಿಗೂ ನಿಲ್ಲಬೇಕು. ಮುನ್ನೂರ ಅರವತ್ತೈದು ದಿನಗಳಲ್ಲಿ ಪ್ರಯಾಣಕ್ಕೆ ಇದಕ್ಕಿಂತ ಕೆಟ್ಟ ದಿನ ಇನ್ನೊಂದಿಲ್ಲ. ಆ ದಿನವನ್ನು ಆರಿಸಿದವಳು ನಾನು.

ಕೊರಟಗೆರೆ ಬರುವ ಹೊತ್ತಿಗೆ ನಾನು ಅಳುವ ಹಾಗಾದೆ. ಸೊಸೆಗೆ ಕನಿಕರ ಬಂತು.

"ಅಳ್ಬೇಡಿ ಅತ್ತೆ. ಇವತ್ತಿಗೆ ಐವತ್ತು ಆಗ್ಲಿ. ಆಮೇಲೆ ಬೈನಾಕ್ಯುಲರ್ ಚೀಲಕ್ಕೆ ಹಾಕ್ತೀನಿ. ನೀವು ದೊಡ್ಡಮ್ಮನ ಜೊತೆ ರಾತ್ರಿಯೆಲ್ಲ ಇರಿ."

ಐವತ್ತು ತಾನೇ? ನಾನೇ ಇಳಿದೆ ಅಖಾಡಕ್ಕೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂತೆ. "ತಂತಿ ಮೇಲೆ ಕಾಜಾಣ! ನೀರಲ್ಲಿ ಹುಂಡುಕೋಳಿ! ಲೇ ಗೌರೀಶ, ಹಿಂದಕ್ ತಗೊಳ್ಳೋ, ನವಿಲು ದಾಟ್ಬುಡ್ತು!" ನನ್ನ ಕೂಗಿಗೆ ದಾರಿಹೋಕರು ಗಾಬರಿಯಾಗುತ್ತಿದ್ದರು. ಮಧ್ಯಾಹ್ನದ ಊಟದ ಹೊತ್ತು ಮಧುಗಿರಿಯಲ್ಲೇ ಮೀರಿತು. ಅಕ್ಕ ಫೋನು ಮಾಡಿ ಎಲ್ಲಿದ್ದೀಯೆ ಎಂದು ಕೇಳಿದಾಗ "ಇಪ್ಪತ್ತೊಂಬತ್ತರಲ್ಲಿ" ಎಂದುಬಿಟ್ಟೆ.

ವಳ್ಳೂರು ಮುಟ್ಟುವಾಗ ಬಿಸಿಲು ಸೋಲಾರ್ ಗಾಜುಗಳ ಮೇಲೆ ಕೆಂಪಗಾಗಿತ್ತು. ಲೆಕ್ಕ ನಲವತ್ತೊಂಬತ್ತು.

"ಅಮ್ಮ, ಬೇಗ ಮಾತಾಡ್ಸ್ಕೊಂಡ್ ಬಾ," ಎಂದ ಗೌರೀಶ. "ಒಂದು ಬಾಕಿ ಐತಂತೆ. ಬೆಳಕಿರೋವಾಗ್ಲೇ ಕೆರೆ ಹತ್ರ ಹೋಗ್ಬೇಕಂತೆ."

ನಾನು ಕಾರಿನಿಂದ ಇಳಿದೆ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಇನ್ನೊಂದು ಕೈಯಲ್ಲಿ ಹೋಳಿಗೆಯ ತಟ್ಟೆ. ಕಣ್ಣಲ್ಲಿ ನೀರು.

"ಬಂದ್ಯೇನೇ ಸಿದ್ಗಂಗೀ..." ಎಂದು ಒಂದು ಹೆಜ್ಜೆ ಮುಂದಿಟ್ಟಳು.

ಅವಳ ಮೊಣಕೈ ಪಕ್ಕದ ಮೋಟುಗೋಡೆಯ ಮೇಲೆ, ತಲೆಯಲ್ಲಿ ಬೀಸಣಿಗೆಯಂಥ ಜುಟ್ಟಿನ ಚಂದ್ರಮುಕುಟ ಹಕ್ಕಿ ಕೂತಿತ್ತು! ಆ ಬಗೆಯದು ಬೆಳಗಿನಿಂದ ಒಂದೂ ಸಿಕ್ಕಿರಲಿಲ್ಲ. ಐವತ್ತು! ರಾತ್ರಿಯೆಲ್ಲ ಅಕ್ಕನ ಜೊತೆ ಮಾತು!

"ಶ್! ಅಲ್ಲಾಡ್ಬ್ಯಾಡ!" ಎಂದು ಅಕ್ಕನಿಗೆ ಬೆರಳು ತೋರಿಸಿ ಗದರಿದೆ. "ಮಂಜೂ, ಓಡ್ಬಾರೇ!"

ಅಕ್ಕ ನಿಂತಲ್ಲೇ ಕಲ್ಲಾದಳು. ಕಾರಿನ ಡಿಕ್ಕಿಯಲ್ಲಿ ಚೀಲ ತೆಗೆಯುತ್ತಿದ್ದ ಸೊಸೆ ತಲೆಯೆತ್ತಿ ಧಡ್ ಎಂದು ಬಡಿಸಿಕೊಂಡಳು. ಆ ಸದ್ದಿಗೆ ಹಕ್ಕಿ ಹಾರಿತು.

ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ನನ್ನ ತಲೆಯ ಮೇಲಿಂದ ಕಾರಿನ ಕಡೆ ನೋಡಿ ಮಾತಾಡಿದಳು.

"ಗೌರೀಶಾ, ರಾ ನಾಯನಾ, ಒಳಗ್ ಬಾ. ಬಾರಮ್ಮ ಮಂಜೂ, ಪಾಪ, ಹಸ್ಕೊಂಡಿದ್ದೀಯ."

ಇಬ್ಬರೂ ಒಳಗೆ ಹೋದರು. ಹಿಂದೆಯೇ ನಾನೂ ಮೆಟ್ಟಿಲ ಮೇಲೆ ಕಾಲಿಟ್ಟೆ.

"ನೀನು ಅಲ್ಲಾಡ್ಬ್ಯಾಡ," ಎಂದಳು ಅಕ್ಕ. "ಅಲ್ಲೇ ನಿಂತ್ಕ. ಹಕ್ಕಿ ಹೆದರ್ಕಂತದೆ." ಬಾಗಿಲು ಹಾಕಿಕೊಂಡಳು.

ಜಗುಲಿಯ ಮೇಲೆ ಕೂತೆ. ಒಳಗಿನಿಂದ ತುಪ್ಪದ ವಾಸನೆ, ಮೂವರ ನಗು. ಸ್ವಲ್ಪ ಹೊತ್ತಿನ ಮೇಲೆ ಕಿಟಕಿ ತೆರೆದು ಸೊಸೆ ಇಣುಕಿದಳು, ಬಾಯಿ ತುಂಬ ಹೋಳಿಗೆ.

"ಅತ್ತೆ, ದೊಡ್ಡಮ್ಮನ ಸಿಟ್ಟು ಇಳೀತಾ ಇದೆ, ಇನ್ನೊಂಚೂರು ಕೂತಿರಿ. ಹಾಗೇ ಗೋಡೆ ಕಡೆ ಒಂದು ಕಣ್ಣಿಟ್ಟಿರಿ. ಆ ಹಕ್ಕಿ ನಿಮಗೆ ಮಾತ್ರ ಕಾಣಿಸ್ತು, ನಾನು ನೋಡ್ಲಿಲ್ವಲ್ಲ. ಅದು ಲೆಕ್ಕಕ್ಕಿಲ್ಲ."