ಟ್ರ್ಯಾಕ್ಟರಿಗೆ ತೂಗಿಬಿದ್ದ ಬೀಗರೂಟ

‘ಹೈಡ್ರಾಲಿಕ್’ ಎನ್ನುವ ಮಾತು ಕಾಸಿಲ್ದಾಳ ಕಿವಿಗೆ ಮೊದಲು ಬಿದ್ದದ್ದು, ಗಂಡ ಎವಾರಿಸ್ತೊ ಹೆಚ್ಚುಕಡಿಮೆ ತನ್ನದೇ ವಯಸ್ಸಿನ ಟ್ರ್ಯಾಕ್ಟರೊಂದನ್ನು ಅಂಗಳಕ್ಕೆ ತಂದು ನಿಲ್ಲಿಸಿದ ದಿನ.

“ನೋಡೇ, ಈ ಹಿಡಿ ಒಂಚೂರು ಎಳೆದ್ರೆ ಸಾಕು. ಒಳಗಿನ ಎಣ್ಣೆ ಒತ್ತಿ, ಹಿಂದಿನ ತೋಳು ನೇಗಿಲನ್ನ ಹೂವಿನ ಥರ ಎತ್ತಿಬಿಡುತ್ತೆ!”

“ಎತ್ತಿದ್ದು ಅಲ್ಲೇ ನಿಲ್ಲುತ್ತೇನ್ರೀ?”

“ನಿಂದು ಬರೀ ಅಪಶಕುನ!”

ಶಕುನವೋ ಅಪಶಕುನವೋ, ನಿಲ್ಲಲಿಲ್ಲ. ಎಂಜಿನ್ ಆರಿದರೆ ಸಾಕು, ತೋಳುಗಳು ಪ್ರಾರ್ಥನೆಗೆ ಮಂಡಿಯೂರುವ ಮುದಿ ಪಾದ್ರಿಯಂತೆ ಮೆಲ್ಲಮೆಲ್ಲಗೆ ಇಳಿಯುತ್ತಿದ್ದವು. ಎವಾರಿಸ್ತೊ ಎಣ್ಣೆ ಬದಲಿಸಿದ. ಸೋಸುವ ಜಾಲರಿ ತೊಳೆದ. ಎಣ್ಣೆ ಸೋರದಂತೆ ತಡೆಯುವ ಸೀಲು ಸವೆದ ಜಾಗಕ್ಕೆ ತನ್ನ ಹಳೇ ಬೂಟಿನ ತೊಗಲು ಕತ್ತರಿಸಿ ತುರುಕಿದ. ಆಮೇಲೆ ಸೋರೆಬುರುಡೆಯೊಳಗಿನ ‘ಮಾತೆ’ ಎಂಬ ಎಲೆಯ ಕಷಾಯವನ್ನು ಸುರ್‌ ಎಂದು ಹೀರಿ ಘೋಷಿಸಿಯೇಬಿಟ್ಟ:

“ಭಾನುವಾರ ಮಗಳು ನೇಲಿದಾಳ ಗಂಡಿನ ಕಡೆ ಬೀಗರು ಬರ್ತಾರೆ. ಕುರಿ ಸುಡೋದು ಈ ಟ್ರ್ಯಾಕ್ಟರಿಂದಲೇ! ಇಡೀ ಜಿಲ್ಲೆ ಬಾಯಿಬಿಟ್ಟು ನೋಡಬೇಕು!”

ಆ ಬಯಲುಸೀಮೆಯಲ್ಲಿ ಗಂಡಸಿನ ಮಾನವಿರುವುದು ಅವನು ಸುಡುವ ಮಾಂಸದಲ್ಲಿ. ಉಂಡಾದ ಮೇಲೆ ನೆಂಟರು ಸುಟ್ಟವನಿಗೆ ಚಪ್ಪಾಳೆ ತಟ್ಟಬೇಕು. ತಟ್ಟದಿದ್ದರೆ ಅವನು ಊರು ಬಿಡುವುದೇ ವಾಸಿ! ಮೇಲಾಗಿ, ಬರುತ್ತಿದ್ದ ಬೀಗರು ದೋನ್ ಬಾಲ್ದೊಮೇರೊ. ಖಾಸಾ ತಮ್ಮನ ಮನೆಯಲ್ಲೇ ಉಂಡು ಚಪ್ಪಾಳೆ ತಟ್ಟದೆ ಎದ್ದುಬಂದ ಪುಣ್ಯಾತ್ಮ.

ಭಾನುವಾರ ಎವಾರಿಸ್ತೊ ಹಳೇ ಮಂಚದ ಸ್ಪ್ರಿಂಗ್ ಚೌಕಟ್ಟನ್ನು ಸರಪಳಿಯಿಂದ ಟ್ರ್ಯಾಕ್ಟರಿನ ತೋಳುಗಳಿಗೆ ತೂಗುಹಾಕಿ, ಮೇಲೆ ಕುರಿ ಹರಡಿ, ಕೆಳಗೆ ಕೆಂಡ ಸುರಿದ. ಹಿಡಿ ಎಳೆದರೆ ಕುರಿ ಮೇಲೆ, ತಳ್ಳಿದರೆ ಕೆಳಗೆ! ಚಕ್ರವರ್ತಿಗೂ ಇಂಥ ಒಲೆ ಇರಲಿಲ್ಲ.

ದೋನ್ ಬಾಲ್ದೊಮೇರೊ ವಾಹನದಿಂದಿಳಿದವರೇ ಮೂಗರಳಿಸಿದರು. “ಇದೇನು ಬೀಗರೇ, ಕುರಿಗೆ ಡೀಸೆಲ್ ಕುಡಿಸಿದ್ದೀರೇನು?”

ಎವಾರಿಸ್ತೊ ಪಟಕ್ಕನೆ ಎಂಜಿನ್ ಆರಿಸಿದ. ಅಪ್ಪುಗೆ, ಮುತ್ತು, ದ್ರಾಕ್ಷಾರಸ ಎಲ್ಲವೂ ಆಗುತ್ತಿದ್ದವು. ಕಾಸಿಲ್ದಾಳ ಕಣ್ಣು ಮಾತ್ರ ಸರಪಳಿಯ ಮೇಲಿತ್ತು.

“ರೀ, ಕುರಿ ಇಳೀತಾ ಇದೆ.”

“ನಿನ್ನ ಭ್ರಮೆ ಕಣೇ.”

“ಭ್ರಮೆ ಹೊಗೆಯಾಡುತ್ತೇನ್ರೀ?”

ಕೆಂಡದ ಕಾವಿಗೆ ಎಣ್ಣೆ ನೀರಾಗಿ ಬೂಟಿನ ತೊಗಲಿನ ಪಕ್ಕದಿಂದ ನುಸುಳುತ್ತಿತ್ತು! ಎವಾರಿಸ್ತೊ ಓಡಿಹೋಗಿ ಕೀಲಿ ತಿರುಗಿಸಿದ. ಟ್ರ್ಯಾಕ್ಟರ್ ಒಮ್ಮೆ ‘ಕೊಕ್’ ಎಂದು ಕೆಮ್ಮಿ ಸುಮ್ಮನಾಯಿತು. ಬ್ಯಾಟರಿಯ ಕಥೆ ಮುಗಿದಿತ್ತು.

“ಎಲ್ಲ ಸೇರಿ ತಳ್ಳೋಣ್ವಾ?” ಅಳಿಯನಾಗುವವನು ತೋಳೇರಿಸಿದ.

“ಬೇಡಪ್ಪೋ! ಚೌಕಟ್ಟು ಜೋಲಿ ಹೊಡೆದು ಕುರಿ ಕೆಂಡಕ್ಕೇ ಮುತ್ತಿಡುತ್ತೆ!” ಎಂದವನೇ ಎವಾರಿಸ್ತೊ ಟ್ರ್ಯಾಕ್ಟರಿನಡಿ ತೂರಿ ಅದರ ವಂಶಾವಳಿಯನ್ನೆಲ್ಲ ಬೈಯತೊಡಗಿದ. ಎಣ್ಣೆ ಅವನ ಹಣೆಗೇ ಅಭಿಷೇಕ ಮಾಡಿತು.

ಕಾಸಿಲ್ದಾ ಸೊಂಟಕ್ಕೆ ಅಡುಗೆ ಬಟ್ಟೆ ಬಿಗಿದು, ಸಲಿಕೆ ಹಿಡಿದು, ಕೆಂಡವನ್ನು ಪಕ್ಕಕ್ಕೆ ಎಳೆಯತೊಡಗಿದಳು.

“ಏನೇ ಅದು, ಬೆಂಕಿ ಕೆಡಿಸ್ತಿದ್ದೀಯಾ?” ಅಡಿಯಿಂದ ಕೂಗು.

“ಕುರಿ ಮೇಲೆ ಬರಲ್ಲ ಅಂದ್ಮೇಲೆ ಬೆಂಕಿನಾದ್ರೂ ಆಚೆ ಹೋಗ್ಲಿ! ನೀವು ಬೈತಾ ಇರಿ, ನಿಮ್ಮ ಕೆಲ್ಸ ನೀವು ಮಾಡಿ!”

ಚೌಕಟ್ಟು ಬೆರಳಷ್ಟು ಇಳಿದರೆ ಅವಳು ಒಂದು ಸಲಿಕೆ ಕೆಂಡ ತೆಗೆಯುವಳು. ಕಾವು ಸಾಲದೆನಿಸಿದರೆ ಅಂಚಿಗೆ ಚೂರು ಚೆಲ್ಲುವಳು. ಹೀಗೆ ಟ್ರ್ಯಾಕ್ಟರ್ ಸೋಲುತ್ತ ಹೋಯಿತು, ಕುರಿ ಬೇಯುತ್ತ ಹೋಯಿತು.

ಎಲ್ಲರೂ ಊಟಕ್ಕೆ ಕುಳಿತರು. ದೋನ್ ಬಾಲ್ದೊಮೇರೊ ಕೊನೆಯ ಎಲುಬು ಚೀಪಿ, ಮೀಸೆ ಒರೆಸಿ, ಎದ್ದು ನಿಂತರು. ಎರಡೂ ಕೈ ಎತ್ತಿ ತಟ್ಟಿದರು. ಚಟ್! ಚಟ್! ಚಟ್! ಎಣ್ಣೆ ಮೆತ್ತಿದ ಮುಖದ ಎವಾರಿಸ್ತೊ ಎದೆಯ ಮೇಲೆ ಕೈಯಿಟ್ಟು ನಡುಬಗ್ಗಿಸಿ ವಂದಿಸಿದ.

“ಬೀಗಿತ್ತೀ,” ಎಂದರು ದೋನ್ ಬಾಲ್ದೊಮೇರೊ, ಅವನ ಬೆನ್ನ ಮೇಲಿಂದ ಕಾಸಿಲ್ದಾಳನ್ನು ನೋಡುತ್ತ, “ಕೈ ಅಂದ್ರೆ ಇದಪ್ಪಾ ಕೈ!”

ಎಲ್ಲರೂ ಅವಳತ್ತ ತಿರುಗಿ ತಟ್ಟಿದರು. ಬಗ್ಗಿದ ಎವಾರಿಸ್ತೊ ಬಗ್ಗಿದಂತೆಯೇ ಉಳಿದು ಬೂಟಿನ ದಾರ ಕಟ್ಟುವವನಂತೆ ನಟಿಸಿದ. ಅಷ್ಟರಲ್ಲಿ ನೇಲಿದಾ ಕ್ಯಾಮೆರಾ ತಂದಳು. ಅವನು ಮೆಲ್ಲಗೆ ಸರಿದು ಬಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ:

“ಲೇ ಕಾಸಿಲ್ದಾ... ಫೋಟೊ ಮುಗಿಯೋವರೆಗೆ ಆ ಸಲಿಕೆ ನನ್ನ ಕೈಗೆ ಕೊಡ್ತೀಯಾ?”